ಮೋಡದೊಳಗೆ ಜೊತೆಗಿದ್ದ ದನಿ

ಪುಟ್ಟ ವಿಮಾನದಲ್ಲಿ ಔಷಧಿ ಸಾಗಿಸುವ ಪೈಲಟಮ್ಮನಿಗೆ ಮನೆಯಲ್ಲಿ ಮಾತಿಗೆಂದು ಯಾರೂ ಇರಲಿಲ್ಲ. ಅವಳ ಸಣ್ಣ ರನ್‌ವೇ ಪಕ್ಕದಲ್ಲೇ ದೊಡ್ಡ ವಿಮಾನ ನಿಲ್ದಾಣ. ಮೋಡ ಕವಿದ ದಿನ ಅಲ್ಲಿನ ಕಂಟ್ರೋಲರ್ ರೇಡಿಯೋದಲ್ಲಿ ಅಪ್ಪಣೆ ಕೊಡುವವರೆಗೂ ಕಾಯಬೇಕು. ಹಾರಿದ ಮೇಲೂ ಹೊರಗೆ ಏನೂ ಕಾಣದು. ಮೀಟರುಗಳ ಮೇಲೆ ಕಣ್ಣಿಟ್ಟು, ಅವರು ಹೇಳಿದತ್ತ ತಿರುಗಿ, ದೊಡ್ಡ ವಿಮಾನಗಳ ದಾರಿಗಿಂತ ಕೆಳಗೇ ಉಳಿಯಬೇಕು. ವರ್ಷಗಳಿಂದ ಅದೇ ದನಿ. ಮುಖ ಮಾತ್ರ ಕಂಡಿರಲಿಲ್ಲ.

ಒಂದು ಬೆಳಿಗ್ಗೆ ಅವಳಿಗೆ ಎಡಕ್ಕೆ ತಿರುಗಲು ಹೇಳಿದ ಮೇಲೆ ಅವರು, "ನಾಳೆಯಿಂದ ನಾನಿರಲ್ಲ ಮೇಡಂ, ರಿಟೈರ್ ಆಗ್ತಿದೀನಿ" ಎಂದರು.

ಅವಳು ಮೈಕಿನ ಗುಂಡಿ ಒತ್ತಿದಳು. "ನಿಮ್ಮ ಮಾತು ನಂಬಿ ಕಣ್ಣುಮುಚ್ಚಿ ಹಾರಿದೀನಿ ಸಾರ್."

"ಕಣ್ಣು ಬಿಟ್ಟೇ ಹಾರಿ ತಾಯಿ" ಎಂದು ಅವರು ನಕ್ಕರು.

ಅಷ್ಟರಲ್ಲಿ ದೊಡ್ಡ ವಿಮಾನವೊಂದು ಅವರನ್ನು ಕರೆಯಿತು. ಪೈಲಟಮ್ಮ ಮೋಡ ದಾಟಿ ಬಿಸಿಲಿಗೆ ಬಂದಾಗ, "ಒಂದ್ಸಲ ಮನೆಗೆ ಬನ್ನಿ" ಎಂಬ ಮಾತು ನಾಲಿಗೆಯ ತುದಿಯಲ್ಲೇ ಉಳಿದಿತ್ತು.