ಚಿತ್ತುಕಾಟಿಲ್ಲದ ಉಪಸಂಹಾರ

ಸಂಶೋಧನಾ ಪ್ರಬಂಧ ಬರೆಯುವುದಿರಲಿ, ಒಂದನ್ನು ಪೂರ್ತಿ ಓದಿಯೂ ಗೊತ್ತಿಲ್ಲದವರು ಅದರ ಕೊನೆಯ ಅಧ್ಯಾಯದ ಬಗ್ಗೆ ಬಾಯಿ ಹಾಕುವುದು ಅಧಿಕಪ್ರಸಂಗವೇ. ಬಲ್ಲವರು ಮನ್ನಿಸಬೇಕು. ಇದು ಪ್ರಬಂಧ ಬರೆಯುವವರ ಕತೆಯಲ್ಲ, ಟೈಪ್ ಮಾಡುವವರ ಕತೆ.

ಬೆಳಗಿನ ಐದೂವರೆ. ವಿಶ್ವವಿದ್ಯಾಲಯದ ಹಿಂಬಾಗಿಲಿನ ಎದುರಿಗಿರುವ ಅಂಗಡಿಯ ಷಟರ್ ಅರ್ಧ ಮೇಲೇರಿದೆ. ಒಳಗೆ ಟೈಪಕ್ಕ ಕೈಬರಹದ ಹಾಳೆಗಳನ್ನು ಕ್ಲಿಪ್ಪಿಗೆ ಸಿಕ್ಕಿಸಿಕೊಂಡು ಕೂತಿದ್ದಾರೆ. ಬೆರಳು ಓಡುತ್ತಿಲ್ಲ. ಹಾಳೆಯನ್ನು ದೀಪಕ್ಕೆ ಹಿಡಿಯುತ್ತಾರೆ, ತಿರುಗಿಸುತ್ತಾರೆ, ಮತ್ತೆ ಹಿಡಿಯುತ್ತಾರೆ.

“ಮೊದಲನೇ ಅಧ್ಯಾಯ ಎಲ್ಲರದ್ದೂ ಮುತ್ತು ಪೋಣಿಸಿದ ಹಾಗಿರುತ್ತೆ. ಉಪಸಂಹಾರಕ್ಕೆ ಬರೋ ಹೊತ್ತಿಗೆ ಕೋಳಿ ಕೆದರಿದ ಹಾಗೆ. ಈ ಮೇಷ್ಟ್ರದ್ದು ನೋಡಿ, ಒಂದು ಚಿತ್ತಿಲ್ಲ, ಕಾಟಿಲ್ಲ,” ಎಂದು ಇದನ್ನು ಬರೆದವರಿಗೆ ತೋರಿಸುತ್ತಾರೆ.

ಇಪ್ಪತ್ತೆರಡು ವರ್ಷದ ಅನುಭವದ ಮಾತಿದು. ಗಂಡ ತೀರಿಕೊಂಡ ವರ್ಷ ಕೀಲಿಮಣೆಗೆ ಕೂತವರು ಇದುವರೆಗೆ ನಾನೂರ ಹನ್ನೆರಡು ಪ್ರಬಂಧ ಮುಗಿಸಿದ್ದಾರೆ. ದಿನಕ್ಕೆ ನಲವತ್ತು ಪುಟ. ಬಲಗೈ ಕಿರುಬೆರಳು ಈಗ ನೆಟ್ಟಗಾಗುವುದಿಲ್ಲ. ಹಿಂದಿನ ಕೋಣೆಯಲ್ಲಿ ರಟ್ಟು ಕತ್ತರಿಸಿ ಬೈಂಡ್ ಮಾಡುವುದು ಅವರ ತಂಗಿ. ಇಬ್ಬರಿಗೂ ಇದೊಂದೇ ಅನ್ನದ ದಾರಿ. ಪ್ರಬಂಧಗಳನ್ನು ಮಾರುತ್ತಾರೆಂಬ ಗುಲ್ಲೆದ್ದು ಪಕ್ಕದ ಅಂಗಡಿ ಹೋದ ವರ್ಷ ಮುಚ್ಚಿತು. ಗುಲ್ಲು ನಿಜವೋ ಸುಳ್ಳೋ ಯಾರೂ ವಿಚಾರಿಸಲಿಲ್ಲ.

ಮಾರುಕಟ್ಟೆಗಳ ಬಗ್ಗೆ ಸಂಶೋಧನೆ ಮಾಡಿರುವ ಈ ಮೇಷ್ಟ್ರು ಪ್ರಬಂಧ ಸಲ್ಲಿಸಬೇಕಾದದ್ದು ಇವತ್ತು ಸಂಜೆ ಐದಕ್ಕೆ. ಅವರ ಉಪಸಂಹಾರದ ಕೊನೆಯ ಸಾಲು ಹೀಗಿದೆ: ‘ಈ ಅಧ್ಯಯನವು ಮುಂದಿನ ಸಂಶೋಧಕರಿಗೆ ಹೊಸ ದಾರಿಯನ್ನು ತೊರೆದಿದೆ.’

ತೆರೆದಿದೆ ಎಂದಿರಬೇಕಿತ್ತು. ಹನ್ನೊಂದು ವರ್ಷದ ಹಿಂದೆ ಬಾವಿಗಳ ಬಗೆಗಿನ ಪ್ರಬಂಧವೊಂದರಲ್ಲಿ ಇದೇ ಸಾಲಿನಲ್ಲಿ ಇದೇ ತಪ್ಪು ಮಾಡಿದ್ದವರು ಸ್ವತಃ ಟೈಪಕ್ಕ. ಬೈಂಡ್ ಆಗುವ ಮೊದಲೇ ಅದು ಕಣ್ಣಿಗೆ ಬಿದ್ದು ತಿದ್ದಿದ್ದರು. ಗ್ರಂಥಾಲಯದ ಪ್ರತಿಯಲ್ಲಿ ಸರಿಯಾಗಿಯೇ ಇದೆ. ತಪ್ಪು ಉಳಿದಿರುವುದು ತಿದ್ದುವ ಮೊದಲಿನ ಕರಡಿನಲ್ಲಿ. ಆ ಕರಡು ಇರುವುದು, ಅಥವಾ ಇದ್ದದ್ದು, ಇದೇ ಅಂಗಡಿಯ ಕಬ್ಬಿಣದ ಬೀರುವಿನಲ್ಲಿ.

ಟೈಪಕ್ಕ ಬೀರು ತೆಗೆದು ನೋಡುತ್ತಾರೆ. ಬಾವಿಗಳ ಕಟ್ಟು ಇಲ್ಲ.

“ಏನೇ, ಇಲ್ಲಿದ್ದ ಕರಡು ಎಲ್ಲಿ?”

“ರಟ್ಟಿನ ಒಳಗೆ ಅಂಟಿಸೋಕೆ ಹಳೇ ಹಾಳೆ ತಗೋತಿರ್ತೀನಲ್ಲಕ್ಕ. ಯಾವುದು ಅಂತ ನೆನಪಿಟ್ಕೊಳ್ಳಲಿ?”

“ಯಾರಿಗಾದ್ರೂ ಕೊಟ್ಯಾ?”

ತಂಗಿಯ ಕತ್ತರಿ ನಿಲ್ಲುತ್ತದೆ. “ಅನುಮಾನ ಪಡೋಕೆ ನಾನೇ ಬೇಕಿತ್ತಾ? ಮೊದಲು ಆ ಮೇಷ್ಟ್ರನ್ನ ಕೇಳು ಹೋಗು.”

ಏಳು ಗಂಟೆಗೆ ಮೇಷ್ಟ್ರು ಬರುತ್ತಾರೆ. ಟೈಪಕ್ಕ ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸುತ್ತಾರೆ.

“ಪೆನ್ನು ಜಾರಿರಬೇಕು ಅಕ್ಕ. ತಿದ್ದಿ ಟೈಪ್ ಹೊಡೀರಿ, ಟೈಮಿಲ್ಲ.”

“ನಿಮ್ಮ ಪೆನ್ನು ನನ್ನ ಬೆರಳು ಜಾರಿದ ಕಡೆಯೇ ಜಾರಿತಾ ಮೇಷ್ಟ್ರೇ? ನಾಳೆ ಸಿಕ್ಕಿಬಿದ್ರೆ ನಿಮಗೆ ಪದವಿ ಹೋಗುತ್ತೆ. ನನ್ನ ಅಂಗಡಿಗೇ ಬೀಗ. ನಾನಿದನ್ನ ಹೊಡೆಯಲ್ಲ.”

ಮೇಷ್ಟ್ರು ಗಡಿಯಾರ ನೋಡುತ್ತಾರೆ. ಕರಡಿನ ಸುದ್ದಿ ಎತ್ತಿದರೆ ನೆಲ ನೋಡುತ್ತಾರೆ. ಟೈಪಕ್ಕ ಸ್ಟೂಲು ಎಳೆದು ಹಾಕುತ್ತಾರೆ. “ಐದು ವರ್ಷ ಮಾರುಕಟ್ಟೆ ಸುತ್ತಿದ್ರಲ್ಲ, ಏನು ಕಂಡ್ರಿ? ಬಾಯಲ್ಲಿ ಹೇಳಿ.”

ಮೇಷ್ಟ್ರು ಸ್ಟೂಲಿನ ಮೇಲೆ ಕೂರುತ್ತಾರೆ. “ಪರಿಚಯದವರ ಹತ್ರ ಚೌಕಾಸಿ ಮಾಡೋಕೆ ಜನಕ್ಕೆ ನಾಚಿಕೆ. ಅದಕ್ಕೇ ಪರಿಚಯದವರ ಅಂಗಡಿ ದಾಟಿ ಮುಂದೆ ಹೋಗ್ತಾರೆ.”

“ಎಷ್ಟು ಚೆನ್ನಾಗಿದೆ! ಇದನ್ನ ಯಾಕೆ ಬರೀಲಿಲ್ಲ?”

“ಇದು ತೀರಾ ಸಾದಾ ಅನ್ನಿಸ್ತು ಅಕ್ಕ.”

ಮೇಷ್ಟ್ರು ಅಲ್ಲೇ ಕೂತು ಬರೆಯುತ್ತಾರೆ. ಹೊಡೆದು ಹಾಕುತ್ತಾರೆ, ಮೇಲೆ ಬರೆಯುತ್ತಾರೆ, ಪಕ್ಕಕ್ಕೆ ಬಾಣ ಎಳೆಯುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಒಂಬತ್ತು ಪುಟ. ಒಂದೊಂದು ಪುಟ ಮುಗಿದಂತೆ ಟೈಪಕ್ಕ ಟೈಪ್ ಮಾಡುತ್ತಾರೆ. ತಂಗಿ ಬೈಂಡ್ ಮಾಡುತ್ತಾಳೆ. ನಾಲ್ಕೂ ಮುಕ್ಕಾಲಿಗೆ ಮೇಷ್ಟ್ರು ಹಿಂಬಾಗಿಲಿನತ್ತ ಓಡುತ್ತಾರೆ.

ಅಂಗಡಿ ಮುಚ್ಚುವ ಮೊದಲು ಟೈಪಕ್ಕ ಬೀರುವಿಗೆ ಬೀಗ ಹಾಕಿ ಕೀಲಿಯನ್ನು ತಮ್ಮ ಪರ್ಸಿಗೆ ಸೇರಿಸುತ್ತಾರೆ. ಇಷ್ಟು ವರ್ಷ ಅದು ಗೋಡೆಯ ಮೊಳೆಯಲ್ಲೇ ತೂಗುತ್ತಿತ್ತು. ಖಾಲಿ ಮೊಳೆಯನ್ನು ತಂಗಿ ನೋಡುತ್ತಾಳೆ.

“ನಾಳೆಯಿಂದ ರಟ್ಟಿಗೆ ಅಂಟಿಸೋಕೆ ಹೊಸ ಹಾಳೇನೇ ತರಿಸು ಹಾಗಾದ್ರೆ,” ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟುತ್ತಾಳೆ.

ಅವಳು ದೂರ ಹೋದ ಮೇಲೆ ಟೈಪಕ್ಕ ತಗ್ಗಿದ ದನಿಯಲ್ಲಿ ಹೇಳುತ್ತಾರೆ: “ಬೇರೆಯವರ ತಪ್ಪು ಹುಡುಕೋದೇ ನನ್ನ ಕಸುಬು. ಒಡಹುಟ್ಟಿದವಳನ್ನೂ ಅದೇ ಕಣ್ಣಲ್ಲಿ ನೋಡಿಬಿಟ್ಟೆ. ನಾಳೆ ಬೆಳಗ್ಗೆ ಅವಳು ಬಂದ್ರೆ ಸಾಕು, ಬೇರೇನೂ ಬೇಡ.”

ಆ ಕರಡು ಮೇಷ್ಟ್ರ ಕೈಗೆ ಹೇಗೆ ಸೇರಿತೆಂಬುದು ತಿಳಿದಿಲ್ಲ. ಮೇಷ್ಟ್ರು ಹೇಳಲಿಲ್ಲ. ತಂಗಿಯನ್ನು ಕೇಳುವ ಧೈರ್ಯ ಇದನ್ನು ಬರೆದವರಿಗೂ ಬರಲಿಲ್ಲ.