ಬಶಿಯ ಸದ್ದಿಗೆ ಬಂದ ಕಣ್ಣೀರು

ಬಶಿಗೆ ಚಹಾ ಸುರುವಿ, ಬೆಲ್ಲದ ಚೂರನ್ನು ಹಲ್ಲಲ್ಲಿ ಕಚ್ಚಿ, ‘ಸುರ್ರ್’ ಎಂದು ಹೀರುತ್ತ, ತೀರಿಕೊಂಡಿದ್ದ ನಮ್ಮಜ್ಜನ ನಕಲು ಮಾಡುತ್ತಿದ್ದೆ. ಎದುರಿಗಿದ್ದ ಕೆನಡಾದ ಹಿರಿಯ ಹೆಂಗಸು ಅತ್ತೇಬಿಟ್ಟರು. ಬೀದರಿನ ಕೋಟೆ ನೋಡಲು ಬಂದಿದ್ದ ಅವರನ್ನು ಅಕ್ಕ ಮೈಲೂರಿನ ನಮ್ಮ ಮನೆಗೆ ಚಹಾಕ್ಕೆ ಕರೆತಂದಿದ್ದಳು.

“ಮನೀಗ ಬಂದ ಪಾವಣೇರನ್ನೂ ಅಳಿಸಿದೇನಲೇ? ಬಂದ್ ಮಾಡು ನಿನ್ನ ನಾಟಕ!” ಅಪ್ಪ ಗದರಿದರು. ಓಣಿಯವರನ್ನೆಲ್ಲ ಅಣಕಿಸುವ ನಾನು ಆಗ ಮಳೆಯಲ್ಲಿ ನೆಂದ ಕೋಳಿಯಂತೆ ಕುಳಿತೆ. ಅದೊಂದನ್ನು ಮಾತ್ರ ನಟಿಸಬೇಕಾಗಲಿಲ್ಲ.

“ಬೈಬ್ಯಾಡ್ರಿ ಅಪ್ಪಾ. ಇವರು ಇನ್ನೊಂದ್ ಸಲ ಮಾಡು ಅಂತಾರ್ರಿ,” ಎಂದಳು ಅಕ್ಕ.

ಕೆನಡಾದ ಹುಲ್ಲುಬಯಲಿನ ನಡುವೆ ದೊಡ್ಡ ಸರೋವರದ ದಂಡೆಯಲ್ಲಿ ಅವರ ಊರು. ಹಿರಿಯರು ಐಸ್‌ಲ್ಯಾಂಡಿನಿಂದ ಅಲ್ಲಿಗೆ ವಲಸೆ ಬಂದವರು. ಅವರಜ್ಜಿಯೂ ಸಕ್ಕರೆಯ ತುಂಡು ಕಚ್ಚಿ, ಕಾಫಿಯನ್ನು ಬಶಿಯಿಂದ ಹೀಗೇ ಹೀರುತ್ತಿದ್ದರಂತೆ. ಅಜ್ಜಿ ಹೋದಮೇಲೆ ಆ ಸದ್ದನ್ನು ಕೇಳಿದ್ದು ಇದೇ ಮೊದಲಂತೆ. ಕಣ್ಣೊರೆಸಿಕೊಂಡು ತಾವೂ ಬೆಲ್ಲ ಕಚ್ಚಿ ಹೀರಿದರು. ಸದ್ದಿನಲ್ಲಿ ನನ್ನನ್ನೇ ಸೋಲಿಸಿದರು.

ಅಜ್ಜ, ನಮ್ಮ ಬಾಯಲ್ಲಿ ‘ಮುತ್ಯಾ’, ಹೋದ ದಿನದಿಂದ ಅಪ್ಪ ಆ ನಕಲಿಗೆ ಮನೆಯಲ್ಲಿ ಅವಕಾಶ ಕೊಟ್ಟಿರಲಿಲ್ಲ. ಆ ಹೆಂಗಸು ಹೊರಟ ಮರುದಿನ ಬೆಳಿಗ್ಗೆ ಅಪ್ಪ ತಾವೇ ಬಶಿಯನ್ನು ನನ್ನತ್ತ ಸರಿಸಿದರು: “ನಿಮ್ಮ ಮುತ್ಯಾ ಹ್ಯಾಂಗ ಕುಡೀತಿದ್ದ, ಒಮ್ಮಿ ಮಾಡಿ ತೋರ್ಸು.” ಕೆನಡಾದ ಆ ತಾಯಿಗೆ ನಾನು ಋಣಿ.