ಬಾವ್‌ಜುವಿನ ಬಿಸಿ ಊಟ

ಬಾವ್‌ಜು ಕೂತು ಉಂಡದ್ದನ್ನು ನಮ್ಮ ಓಣಿಯಲ್ಲಿ ಕಂಡವರಿಲ್ಲ. ಓಣಿಯ ತುದಿಯಲ್ಲಿ ಮೀನುಸಾರಿನ ಅಂಗಡಿ ಇಟ್ಟುಕೊಂಡಿರುವ ನನಗೆ ಯಾರು ಏನು ತಿನ್ನುತ್ತಾರೆ, ತಟ್ಟೆಯಲ್ಲಿ ಏನು ಬಿಡುತ್ತಾರೆ ಎಂಬುದೆಲ್ಲ ಗೊತ್ತು. ದಕ್ಷಿಣ ತೈವಾನಿನ ಈ ತೈನಾನ್ ಊರಿನ ಸೆಕೆಯಲ್ಲಿ ಬಾಗಿಲು ಮುಚ್ಚಿಕೊಂಡು ಉಣ್ಣುವವರು ಯಾರು? ಬಾವ್‌ಜು ಸೊಸೆಯಾಗಿ ಬಂದ ಲೋ ಅವರ ಮನೆಯ ಊಟದ ಮೇಜು ನನ್ನ ಒಲೆಯ ಎದುರಿಗೇ ಇದೆ. ಅದರ ಸುತ್ತ ನಾಲ್ಕು ಕುರ್ಚಿ. ಒಂದರ ಮೇಲೆ ಅತ್ತೆ, ಒಂದರ ಮೇಲೆ ಗಂಡ ತಿಯೆನ್‌ಫು, ಒಂದರ ಮೇಲೆ ಮಗ ಯೋಚೆಂಗ್. ನಾಲ್ಕನೆಯದರ ಮೇಲೆ ಬಾವ್‌ಜುವಿನ ಏಪ್ರನ್.

ಇದಕ್ಕೆಲ್ಲ ನೆಪ ಕಸದ ಲಾರಿ. ಇಲ್ಲಿ ಕಸವನ್ನು ಬೀದಿಯಲ್ಲಿ ಇಟ್ಟು ಹೋಗುವಂತಿಲ್ಲ. ಲಾರಿ ಪಿಯಾನೊ ರಾಗ ಹಾಕಿಕೊಂಡು ಬರುತ್ತದೆ. ಕೇಳಿದ ಕೂಡಲೇ ಚೀಲ ಹಿಡಿದು ಓಡಬೇಕು, ನಮ್ಮ ಕೈಯಾರೆ ಅದರ ಬಾಯಿಗೆ ಎಸೆಯಬೇಕು. ಅಡುಗೆಮನೆಯ ಕಸಕ್ಕೆ ಬೇರೆ ಎರಡು ಬಕೆಟ್ಟು. ಸಿಪ್ಪೆ, ಚಹಾಸೊಪ್ಪಿನಂಥ ಹಸಿಯದು ಗೊಬ್ಬರಕ್ಕೆ. ಉಂಡು ಉಳಿದ ಮುಸುರೆ ಹಂದಿಗಳಿಗೆ. ಒಂದರೊಳಗೊಂದು ಬೆರೆತರೆ ಲಾರಿಯ ಹಿಂದೆ ನಿಂತವನು ಓಣಿಯೆಲ್ಲ ಕೇಳುವಂತೆ ಬೈಯುತ್ತಾನೆ.

ನಮ್ಮ ಓಣಿಗೆ ಲಾರಿ ಬರುವುದು ಸಂಜೆ ಆರೂವರೆಗೆ. ಲೋ ಅವರ ಮನೆಯ ಊಟವೂ ಆರೂವರೆಗೇ. ಅದಕ್ಕಿಂತ ಮೊದಲಾದರೆ ಅತ್ತೆಯ ಧಾರಾವಾಹಿ ಮುಗಿದಿರುವುದಿಲ್ಲ. ತಡವಾದರೆ ಆಕೆಗೆ ಹುಳಿತೇಗು.

ತಿನ್ನುವವರು ಮೂವರು, ಹೊರುವವಳು ಒಬ್ಬಳು. ತಿಯೆನ್‌ಫು ಸಿಗರೇಟಿನ ತುಂಡನ್ನು ಮುಸುರೆ ಬಕೆಟ್ಟಿಗೇ ಹಾಕುತ್ತಾನೆ. ಹಂದಿಗಳ ಹೊಟ್ಟೆ ಕೆಡಬಾರದೆಂದು ಬಾವ್‌ಜು ಹಳೆಯ ಊಟದ ಕಡ್ಡಿಗಳಿಂದ ಅವನ್ನು ಹೆಕ್ಕುತ್ತಾಳೆ. ಅತ್ತೆ ತಾನು ಎಷ್ಟು ತಿಂದೆನೆಂದು ಯಾರಿಗೂ ತಿಳಿಯದಿರಲೆಂದು ಎಲುಬುಗಳನ್ನು ಕಾಗದದಲ್ಲಿ ಸುತ್ತಿ ಎಸೆಯುತ್ತಾಳೆ. ಬಾವ್‌ಜು ಒಂದೊಂದು ಪೊಟ್ಟಣವನ್ನೂ ಬಿಚ್ಚಿ ಎಲುಬು ಬೇರೆ, ಕಾಗದ ಬೇರೆ ಮಾಡುತ್ತಾಳೆ. ಯೋಚೆಂಗ್ ಹಾಲುಚಹಾದ ಅರ್ಧ ಕುಡಿದ ಲೋಟಗಳನ್ನು ಮೆಟ್ಟಿಲ ಮೇಲೆ ಸಾಲಾಗಿ ಬಿಟ್ಟಿರುತ್ತಾನೆ. ಅವನಿಗೆ ವಯಸ್ಸು ಮೂವತ್ತು ದಾಟಿದೆ.

ಒಮ್ಮೆ ತಿಯೆನ್‌ಫುವನ್ನು ನಾನೇ ಕೇಳಿದೆ.

"ಒಂದಿನ ನೀನೇ ಹೋಗ್ಬಾರ್ದೇನಪ್ಪ?"

"ಅಯ್ಯೋ ಅಕ್ಕ, ಯಾವ ಬಕೆಟ್ಟಿಗೆ ಯಾವ್ದು ಅಂತ ನಂಗೆಲ್ಲಿ ಗೊತ್ತಾಗುತ್ತೆ? ಅವಳಿಗೆ ಅಭ್ಯಾಸ ಇದೆ."

ಇವನು ಸ್ಕೂಟರ್ ರಿಪೇರಿಯವನು. ಓಣಿಯ ಆ ಕೊನೆಯಲ್ಲಿ ಹೋಗುವ ಗಾಡಿಯ ಸದ್ದು ಕೇಳಿಯೇ ಯಾವ ಸ್ಕ್ರೂ ಸಡಿಲವಾಗಿದೆ ಎಂದು ಹೇಳುತ್ತಾನೆ. ಎರಡು ಬಕೆಟ್ಟಿನ ವ್ಯತ್ಯಾಸ ಮಾತ್ರ ಅವನ ತಲೆಗೆ ಹತ್ತಲಿಲ್ಲ.

ಪಕ್ಕದ ಮನೆಯ ಲಿಹುವಾ, "ಕೊಡೇ ಬಾವ್‌ಜು, ನಂದರ ಜೊತೆ ನಿಂದೂ ಹಾಕ್ಬಿಡ್ತೀನಿ" ಅಂದಿದ್ದಳು. ಒಳಗಿಂದ ಅತ್ತೆಯ ದನಿ ಬಂತು: "ನಮ್ಮನೆ ಕಸ ಕಂಡವರ ಕೈಗೆ ಕೊಡ್ಬೇಕಾ? ಸೊಸೆ ಸತ್ತಿಲ್ಲ ಇನ್ನೂ."

ಬಾವ್‌ಜು ಓಡಿ ಹೋಗಿ, ಸಾಲಿನಲ್ಲಿ ನಿಂತು, ಎಸೆದು, ಬಕೆಟ್ಟು ತೊಳೆದು ಬರುವಷ್ಟರಲ್ಲಿ ಮೇಜಿನ ಮೇಲೆ ಹೂಮೀನಿನ ತಲೆ ಮತ್ತು ಮುಳ್ಳು ಉಳಿದಿರುತ್ತಿತ್ತು. ಕೊಬ್ಬು ತುಂಬಿದ ಹೊಟ್ಟೆಯ ಭಾಗ ಯಾವಾಗಲೋ ಮಾಯ. "ತಲೆ ತಿನ್ನು, ಕಣ್ಣಿಗೆ ಒಳ್ಳೇದು" ಎಂದು ಅತ್ತೆ ಅದನ್ನು ಅವಳ ಕಡೆ ದೂಡುತ್ತಿದ್ದಳು. ತಣ್ಣಗಿನ ಅನ್ನಕ್ಕೆ ತಣ್ಣಗಿನ ಸಾರು ಸುರಿದುಕೊಂಡು ಬಾವ್‌ಜು ಪಾತ್ರೆ ತೊಳೆಯುವ ಜಾಗದಲ್ಲೇ ನಿಂತು ನುಂಗುತ್ತಿದ್ದಳು. ಮದುವೆಯಾಗಿ ಬಂದಂದಿನಿಂದ ಹೀಗೇ.

ಈ ಬೇಸಿಗೆಯಲ್ಲಿ ಅವಳಿಗೆ ಅರವತ್ತು ತುಂಬುವುದಿತ್ತು. ಹುಟ್ಟುಹಬ್ಬಕ್ಕೆ ಏನು ಬೇಕೆಂದು ಯೋಚೆಂಗ್ ನನ್ನ ಅಂಗಡಿಯೆದುರಿಗೇ ಕೇಳಿದ.

"ಏನೂ ಬೇಡಪ್ಪ. ಅವತ್ತು ನಾನು ಕೂತ್ಕೊಂಡು ಬಿಸಿಬಿಸಿ ಉಣ್ಬೇಕು. ಲಾರಿಗೆ ನೀನು ಹೋಗು."

"ಅಷ್ಟೇನಾ? ನಾನೆಲ್ಲೋ ಚಿನ್ನ ಕೇಳ್ತೀಯ ಅಂತ ಹೆದರಿದ್ದೆ. ಆಯ್ತಮ್ಮ, ಪ್ರಾಮಿಸ್."

ಸುದ್ದಿ ಓಣಿಯೆಲ್ಲ ಹರಡಿತು. ಸಂಜೆ ಚೀಲ ಹಿಡಿದು ಲಾರಿಗೆ ಕಾಯುವ ಹೊತ್ತಿನಲ್ಲಿ ಹೆಂಗಸರಿಗೆ ಬೇರೆ ಮಾತೇ ಇಲ್ಲ.

"ಕುರ್ಚಿ ಒರೆಸಿಟ್ಟಿದೀಯೇನೇ?" ಎಂದಳು ಲಿಹುವಾ. "ಇಷ್ಟು ವರ್ಷ ಏಪ್ರನ್ ಕೂತಿತ್ತು. ಜಾಗ ಬಿಡುತ್ತೋ ಇಲ್ವೋ ಕೇಳ್ನೋಡು!"

ಬಾವ್‌ಜುವೂ ನಕ್ಕಳು. ಆ ದಿನ ಬೆಳಿಗ್ಗೆ ನನ್ನಲ್ಲಿಗೆ ಬಂದು, ಸಾರಿಗೆಂದು ತಂದಿದ್ದ ಹಸಿ ಹೂಮೀನುಗಳನ್ನೆಲ್ಲ ಒತ್ತಿ ನೋಡಿ, ಒಂದು ದೊಡ್ಡದನ್ನು ಆರಿಸಿದಳು.

"ಹೊಟ್ಟೆ ಭಾಗ ಇವತ್ತು ನಂಗೆ, ಅಕ್ಕ" ಎಂದಳು, ಕದಿಯುವವಳ ಹಾಗೆ ದನಿ ತಗ್ಗಿಸಿ.

ತನ್ನ ಹುಟ್ಟುಹಬ್ಬದ ಅಡುಗೆಯನ್ನು ತಾನೇ ಮಾಡುವುದರಲ್ಲಿ ಅವಳಿಗೆ ವಿಚಿತ್ರವೇನೂ ಕಾಣಲಿಲ್ಲ. ಆಯುಷ್ಯಕ್ಕೆಂದು ಮಾಡುವ ಹಂದಿಕಾಲಿನ ಶಾವಿಗೆ ಮಧ್ಯಾಹ್ನದಿಂದಲೇ ಬೇಯುತ್ತಿತ್ತು. ಚೀಲ ಕಟ್ಟಿ, ಬಕೆಟ್ಟುಗಳನ್ನು ಬಾಗಿಲ ಬಳಿ ಇಟ್ಟು, ಹಸಿಯದು ಯಾವುದು ಬೆಂದದ್ದು ಯಾವುದೆಂದು ಮಗನಿಗೆ ಎರಡು ಸಲ ತೋರಿಸಿದಳು. ಅವನು ಫೋನಿನಿಂದ ಕಣ್ಣೆತ್ತದೆ "ಹೂಂ" ಅಂದ.

ಆರೂವರೆಗೆ ಅವಳು ಏಪ್ರನ್ ತೆಗೆದು ಮೊಳೆಗೆ ಸಿಕ್ಕಿಸಿ ನಾಲ್ಕನೆಯ ಕುರ್ಚಿಯಲ್ಲಿ ಕೂತಳು. ನಾನು ಸೌಟು ಹಿಡಿದು ನೋಡುತ್ತ ನಿಂತೆ. ಲಿಹುವಾ ಮತ್ತಿತರರು ಬೇಕೆಂದೇ ಬೇಗ ಹೊರಗೆ ಬಂದಿದ್ದರು. ಬಾವ್‌ಜು ಮೀನಿನ ಹೊಟ್ಟೆಯ ಭಾಗವನ್ನು ಇಡಿಯಾಗಿ ಎತ್ತಿ ತನ್ನ ಅನ್ನದ ಮೇಲೆ ಇಟ್ಟುಕೊಂಡಳು. ಹಬೆ ಅವಳ ಕನ್ನಡಕವನ್ನು ಮುಚ್ಚಿತು. ಅವಳು ಅದನ್ನು ತೆಗೆದು ಒರೆಸುತ್ತಿದ್ದಾಗ ಓಣಿಯ ಆ ಕೊನೆಯಿಂದ ಪಿಯಾನೊ ಕೇಳಿಸಿತು.

"ಲಾರಿ ಬಂತು" ಎಂದಳು ಅತ್ತೆ.

ಯಾರೂ ಏಳಲಿಲ್ಲ.

"ಯೋಚೆಂಗ್."

"ಒಂದ್ನಿಮಿಷಮ್ಮ. ಆಟ ಮಧ್ಯದಲ್ಲಿ ಬಿಟ್ರೆ ಸೋತ್ಹೋಗ್ತೀನಿ."

ರಾಗ ಹತ್ತಿರವಾಯಿತು.

"ನಾಳೆ ಹಾಕಿದ್ರಾಯ್ತು ಬಿಡೇ" ಎಂದ ತಿಯೆನ್‌ಫು, ಹಂದಿಕಾಲಿನ ಎಲುಬು ಚೀಪುತ್ತ.

"ನಾಳೆ ಬುಧವಾರ ಕಣ್ರೀ. ಬುಧವಾರ ಲಾರಿ ಬರಲ್ಲ."

"ಹೌದಾ?" ಎಂದ ಅವನು. ಈ ಮನೆಯಲ್ಲಿ ಹುಟ್ಟಿದವನು.

"ಈ ಸೆಕೇಲಿ ಮೀನಿನ ಕರುಳು ಮನೆಯೊಳಗಿಟ್ರೆ ಹುಳ ಬೀಳುತ್ತೆ" ಎಂದಳು ಅತ್ತೆ. "ಒಂದೋಟ ಓಡಿ ಬಂದ್ಬಿಡು. ನಿನ್ನ ಊಟ ಯಾರು ಕಿತ್ಕೊಳ್ತಾರೆ?" ಹಾಗೆನ್ನುತ್ತಲೇ ಕಡ್ಡಿ ಚಾಚಿ ಬಾವ್‌ಜುವಿನ ಬಟ್ಟಲಿನಿಂದ ಮೀನಿನ ತುಂಡನ್ನು ಎತ್ತಿಕೊಂಡಳು. "ಇದು ಆರಿದ್ರೆ ವಾಸನೆ. ನಾನು ತಿಂತೀನಿ."

ಬಾವ್‌ಜು ಎದ್ದಳು. ಮುಗಿಯಿತು, ಚೀಲ ಹಿಡಿದು ಓಡುತ್ತಾಳೆ ಅಂದುಕೊಂಡೆವು. ಅವಳು ಮುಸುರೆ ಬಕೆಟ್ಟನ್ನು ಮೇಜಿನ ಬಳಿ ತಂದಳು. ಮೀನಿನ ತಟ್ಟೆಯನ್ನು ಅದಕ್ಕೆ ಬಗ್ಗಿಸಿದಳು. ಶಾವಿಗೆ ಸುರಿದಳು, ಸೊಪ್ಪು ಸುರಿದಳು, ಪಾತ್ರೆಯ ಅನ್ನವನ್ನೆಲ್ಲ ಕೆರೆದು ಹಾಕಿದಳು. ಗಂಡನ ಕೈಯಲ್ಲಿದ್ದ ಬಟ್ಟಲನ್ನೂ ಕಿತ್ತು ಖಾಲಿ ಮಾಡಿದಳು. ಅತ್ತೆಯ ಬಾಯಿಗೆ ಆಗಲೇ ಹೋಗಿದ್ದ ತುಂಡೊಂದೇ ಉಳಿಯಿತು. ಯೋಚೆಂಗ್ ಮೊದಲ ಬಾರಿಗೆ ಫೋನಿನಿಂದ ಕಣ್ಣೆತ್ತಿದ.

ಆಮೇಲೆ ಚೀಲ, ಬಕೆಟ್ಟು ಎಲ್ಲ ಹೊತ್ತುಕೊಂಡು ಅವಳು ಓಡಿದಳು. ಅಷ್ಟಾದರೂ ಓಡುವುದನ್ನು ಬಿಡಲಿಲ್ಲ.

"ಏನಕ್ಕಾ, ಇನ್ನೂ ಹೊಗೆಯಾಡ್ತಿದೆ!" ಎಂದ ಲಾರಿಯವನು, ಬಕೆಟ್ಟಿನೊಳಗೆ ಇಣುಕಿ. "ಹಂದಿಗಳಿಗೆ ಹಂದಿಕಾಲೇ ತಿನ್ನಿಸ್ತೀರಾ?"

"ಅವಕ್ಕಾದ್ರೂ ಬಿಸಿ ಸಿಗ್ಲಿ."

ಲಿಹುವಾ ನಕ್ಕಳು, ನಾವೆಲ್ಲ ನಕ್ಕೆವು. ಲಾರಿ ಹೋಯಿತು. ಅವರವರ ಮನೆಯ ಊಟ ಆರುತ್ತಿದೆಯೆಂದು ಹೆಂಗಸರು ಚದುರಿದರು. ಖಾಲಿ ಬಕೆಟ್ಟು ಹಿಡಿದು ಬಾವ್‌ಜು ನಡುಬೀದಿಯಲ್ಲಿ ಉಳಿದಳು. "ಹುಚ್ಚು ಹಿಡಿದಿದೆ ಇವಳಿಗೆ! ಹಸಿದ ಮುದುಕಿಯ ಶಾಪ ತಟ್ಟದೆ ಬಿಡಲ್ಲ!" ಎಂದು ಒಳಗೆ ಅತ್ತೆ ಕಿರುಚುತ್ತಿದ್ದಳು.

ಯೋಚೆಂಗ್ ಹೊರಗೆ ಬಂದ. ಬಾವ್‌ಜುವಿನ ಮುಖ ಸ್ವಲ್ಪ ಅರಳಿತು. ಅವನು ಅವಳನ್ನು ದಾಟಿ ಸ್ಕೂಟರ್ ಹತ್ತಿದ.

"ಪಾರ್ಸೆಲ್ ತರಕ್ಕೆ ಹೋಗ್ತಿದೀನಿ. ಮೂರು ಡಬ್ಬಿ ಸಾಕಲ್ಲ? ನೀನು ಸಿಟ್ಟಲ್ಲಿದೀಯ, ಹೆಂಗೂ ತಿನ್ನಲ್ಲ."

ಅವಳು ನನ್ನ ಅಂಗಡಿಗೆ ಬಂದು ಬಕೆಟ್ಟನ್ನು ಕಾಲ ಬಳಿ ಇಟ್ಟುಕೊಂಡು ಕೂತಳು. ನಾನು ಒಂದು ಬಟ್ಟಲು ತುಂಬಿ ಅವಳ ಎದುರಿಗಿಟ್ಟೆ. ಹೂಮೀನಿನ ಹೊಟ್ಟೆಯ ಒಂದು ಇಡೀ ತುಂಡು, ಎಳೆ ಎಳೆಯಾಗಿ ಹೆಚ್ಚಿದ ಶುಂಠಿ, ಕುದಿಯುವ ಸಾರು.

"ತಿನ್ನು."

ದೊಡ್ಡ ತುಂಡೊಂದನ್ನು ಅವಳು ಹಾಗೇ ಬಾಯಿಗೆ ಹಾಕಿಕೊಂಡಳು. ಮರುಕ್ಷಣ ಅಂಗೈಗೆ ಉಗಿದಳು. ನಾಲಿಗೆ ಸುಟ್ಟಿತ್ತು, ಕಣ್ಣಲ್ಲಿ ನೀರು.

"ಊದ್ಕೊಂಡು ತಿನ್ನೇ" ಎಂದೆ. "ಹೂಮೀನು ಬಿಸಿ ಇದ್ರೇ ರುಚಿ."

"ಆರ್ಲಿ ಅಕ್ಕ. ಸುಡ್ತಾ ಇದ್ರೆ ನಂಗೆ ರುಚೀನೇ ಗೊತ್ತಾಗಲ್ಲ."

ಬಟ್ಟಲನ್ನು ಆಚೆ ಸರಿಸಿ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕಾದಳು. ಸಾರಿನ ಮೇಲೆ ಕೊಬ್ಬು ಬಿಳಿಯಾಗಿ ಕೆನೆಗಟ್ಟತೊಡಗಿತು. ಅಷ್ಟರಲ್ಲಿ ಸ್ಕೂಟರ್ ವಾಪಸು ಬಂತು. ಎದುರು ಮನೆಯಲ್ಲಿ ಮೂವರೂ ಡಬ್ಬಿ ಬಿಚ್ಚಿದರು. ಮುಚ್ಚಳ, ಪ್ಲಾಸ್ಟಿಕ್ ಚೀಲ, ಸೊಪ್ಪಿನ ದಂಟು, ಎಲುಬು ಎಲ್ಲ ಮೇಜಿನ ಮೇಲೆ ಒಂದೇ ರಾಶಿಯಾಗಿ ಏರುತ್ತಿದ್ದವು. ಬಾವ್‌ಜು ಅದನ್ನೇ ನೋಡುತ್ತಿದ್ದಳು.

"ಎಣ್ಣೆ ಅಂಟಿದ ಡಬ್ಬಿ ತೊಳೀದೆ ಬಿಟ್ರೆ ಗುರುವಾರದವರೆಗೆ ಇರುವೆ ಮುತ್ತುತ್ತೆ" ಎಂದಳು.

ಆಮೇಲೆ ಎದ್ದು, ಒಂದು ಕೈಯಲ್ಲಿ ಬಕೆಟ್ಟು ಹಿಡಿದುಕೊಂಡು, ಆರಿದ ಸಾರನ್ನು ನಿಂತೇ ಕುಡಿದಳು.